ಮೂರು ಸಾಲಿನ ಉತ್ತರ

ಶಾಲೆಯಲ್ಲಿ ಅವಳು ಗಣಿತದ ಟೀಚರ್. ಕಂಪ್ಯೂಟರಿನೊಳಗೂ ಅವಳಿಗೆ ಟೀಚರ್ ಅಂತಲೇ ಹೆಸರು. ಹನ್ನೊಂದು ವರ್ಷದ ಕೆಳಗೆ, ಮಕ್ಕಳ ಅಂಕಪಟ್ಟಿಯನ್ನು ಕೈಯಲ್ಲಿ ಕೂಡಿ ಕೂಡಿ ಬೇಸತ್ತು, ಪುಸ್ತಕ ತಂದಿಟ್ಟುಕೊಂಡು ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದಳು. ಎಡವಿದ ಕಡೆಯೆಲ್ಲ ಆ ಭಾಷೆಯವರ ಆನ್‌ಲೈನ್ ವೇದಿಕೆಯಲ್ಲಿ ಪ್ರಶ್ನೆ ಹಾಕಿದಳು. ಮುಖ ಕಾಣದ ಜನ, ಬೇಸರವಿಲ್ಲದೆ ಬಿಡಿಸಿ ಹೇಳಿದರು. ತನಗೆ ನಾಲ್ಕಕ್ಷರ ಬಂದಮೇಲೆ ಅವಳೂ ಅಲ್ಲೇ ಕೂತು ಉತ್ತರ ಬರೆಯತೊಡಗಿದಳು. ಸಂಬಳವಿಲ್ಲ, ಸನ್ಮಾನವಿಲ್ಲ. ಕನ್ನಡಕದ ಅಂಗಡಿ ನಡೆಸುವ ಗಂಡ ತಮಾಷೆ ಮಾಡುತ್ತಿದ್ದ: "ನಾನು ಕಣ್ಣು ಕಾಣದವರಿಗೆ ಕಾಣೋ ಹಾಗೆ ಮಾಡ್ತೀನಿ. ನೀನು ಕಣ್ಣಿಗೇ ಕಾಣದವರಿಗೆ ಪಾಠ ಮಾಡ್ತೀಯ."

ಆ ಭಾಷೆಯವರಿಗೆ ಎರಡು ಮಾತು ಅಂದರೆ ಪ್ರಾಣ. ಭಾಷೆಯನ್ನು ಹುಟ್ಟುಹಾಕಿದವನಿಗೆ ಎಲ್ಲರೂ ಅಜ್ಜ ಅನ್ನುತ್ತಿದ್ದರು. ಎರಡೂ ಅವನ ಮಾತೇ. ಒಂದು, ನೀನು ಬರೆದದ್ದನ್ನು ನಾಳೆ ಇನ್ನೊಬ್ಬರು ಓದಬೇಕು, ಅವರ ಮೇಲೆ ಕರುಣೆ ಇಟ್ಟು ಬರೆ. ಇನ್ನೊಂದು, ಭಾಷೆ ಚಿಕ್ಕದಾಗಿರಲಿ. ಯಾರು ಬೇಕಾದರೂ ಸ್ವಂತ ಬರೆದುಕೊಳ್ಳಬಹುದಾದದ್ದನ್ನು ಭಾಷೆಯೊಳಗೆ ತುರುಕಬೇಡಿ. ಇವೆರಡನ್ನೂ ಟೀಚರ್ ತನ್ನ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಳು.

ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದು, ಚಪ್ಪಲಿ ಬಿಟ್ಟು ಇನ್ನೂ ಮುಖ ತೊಳೆದಿರಲಿಲ್ಲ, ಒಂದು ಪತ್ರ ಬಂದಿತ್ತು. ಬರೆದಾಕೆ ಯಾವುದೋ ಊರಿನ ಗ್ರಂಥಾಲಯ ನೋಡಿಕೊಳ್ಳುವವಳು.

"ಟೀಚರ್, ನಮ್ಮಲ್ಲಿ ಒಂದು ವಿಚಿತ್ರ ನಡೀತಿತ್ತು. ಸದಸ್ಯರ ಪಟ್ಟಿಯಲ್ಲಿ ಕೊನೆಗಿರೋ ಕೆಲವರು ಪುಸ್ತಕ ಹಿಂದಕ್ಕೆ ಕೊಡೋದೇ ಇಲ್ಲ. ಅವರನ್ನ ಸೋಮಾರಿಗಳು ಅಂತ ಬೈಕೊಂಡಿದ್ದೆ. ಈಗ ನೋಡಿದರೆ ಅವರಿಗೆ ನೆನಪಿನ ಪತ್ರವೇ ಹೋಗಿಲ್ಲ. ಪತ್ರಗಳನ್ನ ಗುಂಪು ಗುಂಪಾಗಿ ಕಳಿಸೋದಕ್ಕೆ ನಿಮ್ಮ ಮೂರು ಸಾಲಿನ ಉತ್ತರ ಹಾಕ್ಕೊಂಡಿದ್ವಿ. ನನಗೆ ಸರಿಯಾಗಿ ಅರ್ಥ ಆಗಿಲ್ಲವೇನೋ. ದಯವಿಟ್ಟು ಒಮ್ಮೆ ನೋಡ್ತೀರಾ?"

ಆ ಮೂರು ಸಾಲು ಯಾರಿಗೆ ಗೊತ್ತಿಲ್ಲ! ಒಂದು ಉದ್ದ ಪಟ್ಟಿಯನ್ನು ಸಮನಾದ ಗುಂಪುಗಳಾಗಿ ಒಡೆಯುವುದು ಹೇಗೆ ಎಂಬ ಪ್ರಶ್ನೆಗೆ ಒಂಬತ್ತು ವರ್ಷದ ಹಿಂದೆ ಅವಳು ಬರೆದ ಉತ್ತರ ಅದು. ವೇದಿಕೆಯಲ್ಲಿ ಅಷ್ಟು ಜನ ಓದಿದ ಉತ್ತರ ಇನ್ನೊಂದಿರಲಿಲ್ಲ. ಅವಳು ನಗುತ್ತಲೇ ಒಂದು ಹಳೇ ಲಕೋಟೆಯ ಬೆನ್ನಿನ ಮೇಲೆ ಲೆಕ್ಕ ಮಾಡಿದಳು. ಹನ್ನೆರಡು ಹೆಸರು, ಮೂರರ ಗುಂಪು: ನಾಲ್ಕು ಗುಂಪು, ಸರಿ. ಹದಿಮೂರು ಹೆಸರು, ಮೂರರ ಗುಂಪು: ನಾಲ್ಕು ಗುಂಪು, ಮತ್ತೆ...

ಮತ್ತೆ ಏನೂ ಇಲ್ಲ. ಹದಿಮೂರನೆಯವನು ಎಲ್ಲೂ ಇರಲಿಲ್ಲ.

ಕಂಪ್ಯೂಟರಿನಲ್ಲೇ ಓಡಿಸಿ ನೋಡಿದಳು. ಹದಿಮೂರು, ಹದಿನಾಲ್ಕು, ಐವತ್ತು, ನೂರು. ಎಷ್ಟು ಸಲ ನೋಡಿದರೂ ಅಷ್ಟೇ. ಭಾಗಿಸಿದ ಮೇಲೆ ಉಳಿದ ಶೇಷವನ್ನು ಅವಳ ಮೂರು ಸಾಲು ಸದ್ದಿಲ್ಲದೆ ಬಿಸಾಡುತ್ತಿತ್ತು. ತಪ್ಪು ಅಂತ ಕೂಗುತ್ತಲೂ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಹೊಸದಾಗಿ ಕಲಿಯುವವರು ಗಾಬರಿಯಾಗಬಾರದು ಅಂತ ಶಾಲೆಯಲ್ಲಿ ಯಾವಾಗಲೂ ಶೇಷ ಸೊನ್ನೆ ಬರುವ ಲೆಕ್ಕವನ್ನೇ ಮೊದಲು ಕೊಡುವುದು ಅವಳ ಅಭ್ಯಾಸ. ಉತ್ತರ ಬರೆದಾಗಲೂ ಹನ್ನೆರಡನ್ನು ಮೂರರಿಂದ ಭಾಗಿಸಿ, ಬಂತಲ್ಲ ಅಂತ ಎದ್ದುಹೋಗಿದ್ದಳು.

ತನ್ನ ಉತ್ತರದ ಪುಟ ತೆಗೆದಳು. ಕೆಳಗೆ ನೂರಾರು ಧನ್ಯವಾದ. ಅವುಗಳ ನಡುವೆ ಆರು ವರ್ಷದ ಹಿಂದಿನ ಒಂದು ಸಾಲು ಕಣ್ಣಿಗೆ ಬಿತ್ತು. ಬರೆದವನು ಮುಳ್ಳು. ವೇದಿಕೆಯಲ್ಲಿ ಅವನಿಗೆ ಅದೇ ಹೆಸರು, ಅದಕ್ಕೆ ತಕ್ಕ ಗುಣ: ಒಂದೇ ಸಾಲು ಬರೆಯುತ್ತಿದ್ದ, ಅದೂ ಚುಚ್ಚುವ ಹಾಗೆ. "ಹದಿಮೂರು ಇದ್ದರೆ?" ಅಂತ ಕೇಳಿದ್ದ, ಅಷ್ಟೇ.

ಅದಕ್ಕೆ ಅವಳು ಉತ್ತರ ಕೊಟ್ಟಿದ್ದಳು: "ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು. ಕೆಲವರು ಪಾತ್ರೆಯನ್ನೂ ಕಚ್ಚಿ ನೋಡ್ತಾರೆ." ಇನ್ನೂರು ಜನ ಅದನ್ನು ಮೆಚ್ಚಿದ್ದರು. ಆ ದಿನ ಅವಳಿಗೂ ಎಷ್ಟು ಖುಷಿಯಾಗಿತ್ತು ಅನ್ನುವುದು ಈಗ ನೆನಪಾಗಿ ಕಿವಿ ಬಿಸಿಯಾಯಿತು.

ಆ ಮುಳ್ಳು ಅನ್ನುವವನಿಗೂ ಅವಳಿಗೂ ಹಳೇ ಜಟಾಪಟಿ. ಪಟ್ಟಿ ಒಡೆಯುವ ಕೆಲಸವನ್ನು ಭಾಷೆಯೊಳಗೇ ಸೇರಿಸಿಬಿಡಿ ಅಂತ ಅವನು ಎರಡು ಸಲ ಪ್ರಸ್ತಾಪ ಇಟ್ಟಿದ್ದ. ಎರಡು ಸಲವೂ ಅದನ್ನು ಬೀಳಿಸಿದವಳು ಅವಳೇ. "ಮೂರು ಸಾಲಿನಲ್ಲಿ ಯಾರು ಬೇಕಾದರೂ ಬರೆದುಕೊಳ್ಳಬಹುದು" ಎಂದು ತನ್ನ ಉತ್ತರವನ್ನೇ ತೋರಿಸಿದ್ದಳು. ಅದೇ ಪ್ರಸ್ತಾಪ ಮೂರನೇ ಸಲ, ಬರುವ ಮಂಗಳವಾರದ ತಿಂಗಳ ಸಭೆಯ ಮುಂದೆ ಬರಲಿತ್ತು. ಮಾತಾಡಲು ಬರಬೇಕು ಅಂತ ಅಜ್ಜ ಅವಳಿಗೆ ಹೇಳಿಕಳಿಸಿದ್ದ.

ಉತ್ತರ ಬರೆದವರಿಗೆ ಅದರ ಕೆಳಗಿನ ಮಾತುಗಳನ್ನು ತೆಗೆದುಹಾಕುವ ಹಕ್ಕಿತ್ತು. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು, ಮನೆಯಲ್ಲಿ ಬೇರೆ ಯಾರೋ ಇದ್ದ ಹಾಗೆ. ಮೊದಲು ತನ್ನ ಮಾತನ್ನು ಅಳಿಸಿದಳು. ಆಮೇಲೆ ಅವನದನ್ನು. ಎರಡು ಸಲ ಗುಂಡಿ ಒತ್ತಿದ್ದು, ಅಷ್ಟೇ ಕೆಲಸ. ಪುಟ ಏನೂ ಆಗದ ಹಾಗೆ ನೀಟಾಗಿ ಕೂತಿತು.

ಉತ್ತರವನ್ನು ತಿದ್ದಿ, ಮೇಲೆ "ಹಳೆಯ ಮೂರು ಸಾಲಿನಲ್ಲಿ ದೋಷವಿತ್ತು, ಬಳಸಬೇಡಿ" ಎಂದು ಹಾಕಿದಳು. ಆದರೆ ಬಾಯಿಂದ ಬಿದ್ದ ಮಾತು, ಕೈಯಿಂದ ಬಿಟ್ಟ ಕಲ್ಲು. ಹುಡುಕಿದರೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದ ಪ್ರೋಗ್ರಾಮುಗಳಲ್ಲೇ ನಾನೂರ ಹನ್ನೆರಡು ಕಡೆ ಆ ಸಾಲುಗಳು, ಅಲ್ಪವಿರಾಮ ಸಮೇತ ಹಾಗೇ ಕೂತಿದ್ದವು. ಕಾಣದ ಕಡೆ ಎಷ್ಟಿವೆಯೋ. ಒಂದೊಂದನ್ನೇ ತೆಗೆದು ನೋಡುತ್ತ ಹೋದಳು. ಹಾಡುಗಳ ಪಟ್ಟಿ. ಹಕ್ಕಿಗಳ ಫೋಟೋ. ಯಾರದೋ ಓಟದ ಪಂದ್ಯ. ಇದರಲ್ಲಿ ಒಬ್ಬ ಬಿಟ್ಟುಹೋದರೆ ಲೋಕವೇನೂ ಮುಳುಗುವುದಿಲ್ಲ ಅಂತ ಉಸಿರು ಬಿಡುವಷ್ಟರಲ್ಲಿ ಅರವತ್ತೇಳನೆಯದು ಬಂತು.

ಅದು ಹೃದಯದ ಕಾಯಿಲೆಯವರನ್ನು ನೋಡುವ ಒಂದು ಚಿಕಿತ್ಸಾಲಯದ್ದು. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತೆಗೆದುಕೊಳ್ಳುವವರಿಗೆ ವಾರಕ್ಕೊಮ್ಮೆ ಫೋನಿಗೆ ಮೆಸೇಜು ಕಳಿಸುವ ಪ್ರೋಗ್ರಾಮು: ಈ ವಾರವೂ ಮಾತ್ರೆ ಮುಂದುವರಿಸಿ, ಇಂಥ ದಿನ ರಕ್ತ ಪರೀಕ್ಷೆಗೆ ಬನ್ನಿ. ಸೇರಿದ ತಾರೀಖಿನ ಪ್ರಕಾರ ಹೆಸರುಗಳು, ಐವತ್ತೈವತ್ತರ ಗುಂಪು. ಅಂದರೆ ಕೊನೆಗೆ ಸೇರಿದವರು, ಹೊಸಬರು, ಏನೂ ತಿಳಿಯದವರು. ಅವಳ ಮೂರು ಸಾಲಿನ ಮೇಲೆ, ಪ್ರೋಗ್ರಾಮು ಬರೆದವರು ಒಂದು ಟಿಪ್ಪಣಿ ಹಾಕಿದ್ದರು: "ಟೀಚರಿಗೆ ಧನ್ಯವಾದಗಳು."

ಗಂಡ ಊಟಕ್ಕೆ ಬಂದಾಗ ಅವಳು ಕುರ್ಚಿಯಲ್ಲಿ ಬೊಂಬೆಯ ಹಾಗೆ ಕೂತಿದ್ದಳು. ವಿಷಯ ಹೇಳಿದಳು. ಅಳಿಸಿದ್ದನ್ನು ಹೇಳಲಿಲ್ಲ.

"ಅದಕ್ಕೇ ಹಿರಿಯರು ಹೇಳಿದ್ದು, ಊರಿಗೆ ಉಪಕಾರ ಮಾಡಬೇಡ ಅಂತ," ಅಂದ ಅವನು, ಹಗುರ ಮಾಡಲು. ಅವಳ ಮುಖ ನೋಡಿ ಆ ದಾರಿ ಬಿಟ್ಟ. "ಪುಗಸಟ್ಟೆ ಸಿಕ್ಕಿದ್ದು ಅಂತ ನೋಡದೆ ಹಾಕ್ಕೊಂಡಿದ್ದು ಅವರ ತಪ್ಪಲ್ವಾ?"

"ರೀ, ನೀವು ಒಬ್ಬರಿಗೆ ತಪ್ಪು ನಂಬರಿನ ಕನ್ನಡಕ ಕೊಟ್ಟಿರಿ ಅಂತ ಇಟ್ಕೊಳ್ಳಿ. ಅವರು ಮೆಟ್ಟಿಲ ಮೇಲಿಂದ ಬಿದ್ದರೆ, ಹಾಕ್ಕೊಂಡಿದ್ದು ನೀವು ತಾನೇ ಅಂತೀರಾ?"

ಅವನು ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಸಿದ. "ಫೋನ್ ಮಾಡು. ಪತ್ರ ಗಿತ್ರ ಬೇಡ. ಈಗಲೇ ಮಾಡು."

ಚಿಕಿತ್ಸಾಲಯದ ನಂಬರು ಸಿಕ್ಕಿತು. ಸ್ವಾಗತದಲ್ಲಿದ್ದವಳು ಅಪಾಯಿಂಟ್‌ಮೆಂಟ್ ಬೇಕಾ ಅಂತ ಮೂರು ಸಲ ಕೇಳಿ, ಕಡೆಗೆ ಆ ಪ್ರೋಗ್ರಾಮು ನೋಡಿಕೊಳ್ಳುವವನಿಗೆ ಕೊಟ್ಟಳು. ಅವನು ಟೀಚರ್ ಎಂಬ ಹೆಸರು ಕೇಳಿ ಹಿಗ್ಗಿದ. "ಮೇಡಂ, ನಿಮ್ಮ ಉತ್ತರಗಳಿಂದಲೇ ನಾನು ಕಲ್ತಿದ್ದು." ಆ ಹಿಗ್ಗು ಇಳಿಯುವ ತನಕವೂ ಕಾಯಲಾಗದೆ ಅವಳು ಹೇಳಿಬಿಟ್ಟಳು.

ಆ ಕಡೆ ಕೀಲಿಗಳ ಸದ್ದು. ಆಮೇಲೆ ಅದೂ ನಿಂತಿತು.

"ಇನ್ನೂರ ಮೂವತ್ತೊಂದು ಜನ ಇದ್ದಾರೆ," ಅಂದ. "ಹೊಸ ಪ್ರೋಗ್ರಾಮು ಹಾಕಿ ಒಂಬತ್ತು ವಾರ ಆಯ್ತು."

ಮೂವತ್ತೊಂದು ಜನ. ಅವಳು ಲೆಕ್ಕ ಮಾಡಬೇಕಾಗಿಯೇ ಇರಲಿಲ್ಲ.

"ನಾನು ಡಾಕ್ಟರಿಗೆ ಹೇಳಬೇಕು. ಇಡ್ತೀನಿ ಮೇಡಂ."

ಅವಳಿಗೆ ಭಾನುವಾರ ಮುಗಿಯಲೇ ಇಲ್ಲ. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಳು; ಒಂದೇ ಮಗುವಿಗೆ ಎರಡು ಸಲ ಅಂಕ ಹಾಕಿದಳು. ಬಟ್ಟೆ ಒಣಹಾಕಿ ಮತ್ತೆ ಅವನ್ನೇ ತೆಗೆದು ನೀರಿಗೆ ಹಾಕಿದಳು. ಫೋನು ಕಿಸೆಯಲ್ಲಿ ನಡುಗಿದ ಹಾಗಾಗುತ್ತಿತ್ತು, ತೆಗೆದರೆ ಏನೂ ಇರುತ್ತಿರಲಿಲ್ಲ. ಆ ಮೂವತ್ತೊಂದು ಜನರಿಗೆ ಮುಖಗಳು ಬರತೊಡಗಿದ್ದವು. ಒಬ್ಬರು ತನ್ನ ಅತ್ತೆಯ ಹಾಗೆ, ಒಬ್ಬರು ಶಾಲೆಯ ಜವಾನನ ಹಾಗೆ. ಇನ್ನೊಂದು ಕಡೆ, ಅಳಿಸಿದ ಮಾತನ್ನು ಯಾರಾದರೂ ನೋಡಿದ್ದಾರಾ ಅಂತ ವೇದಿಕೆಯ ಪುಟವನ್ನು ಹತ್ತು ನಿಮಿಷಕ್ಕೊಮ್ಮೆ ಇಣುಕುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯೇ. ಎರಡು ಭಯಗಳಲ್ಲಿ ಯಾವುದು ದೊಡ್ಡದು ಅಂತ ತನ್ನನ್ನೇ ಕೇಳಿಕೊಂಡು, ತಕ್ಷಣ ಉತ್ತರ ಬರದಿದ್ದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸೋಮವಾರ ಮೂರನೇ ಪೀರಿಯಡ್ ನಡುವೆ ಫೋನು ಬಂತು. ಮಕ್ಕಳಿಗೆ ಸುಮ್ಮನೆ ಕೂರಲು ಹೇಳಿ ವರಾಂಡಕ್ಕೆ ಬಂದಳು.

"ಮೂವತ್ತು ಜನ ಸಿಕ್ಕಿದ್ರು ಮೇಡಂ," ಅಂದ ಚಿಕಿತ್ಸಾಲಯದವನು. ಧ್ವನಿ ಬತ್ತಿತ್ತು. "ಇಪ್ಪತ್ತಾರು ಜನ ಚೀಟಿ ನೋಡ್ಕೊಂಡು ಮಾತ್ರೆ ತಗೋತಾ ಇದ್ದಾರೆ, ತೊಂದರೆ ಇಲ್ಲ. ಮೂವರು ರಕ್ತ ಪರೀಕ್ಷೆ ತಪ್ಪಿಸಿದ್ದಾರೆ, ಇವತ್ತು ಬರ್ತಾರೆ."

"ಮತ್ತೊಬ್ಬರು?"

"ಅವರು ಮಾತ್ರೆ ನಿಲ್ಲಿಸಿಬಿಟ್ಟಿದ್ರು. ಮೆಸೇಜು ಬರೋ ತನಕ ತಗೋಬೇಕು, ಬರದಿದ್ರೆ ನಿಲ್ಲಿಸಬೇಕು ಅಂದ್ಕೊಂಡಿದ್ದಾರೆ. ಹೋದ ತಿಂಗಳು ಪಾರ್ಶ್ವವಾಯು ಆಗಿದೆ. ಬೇರೆ ಆಸ್ಪತ್ರೆಗೆ ಸೇರಿಸಿದ್ರಂತೆ, ನಮಗೆ ಗೊತ್ತೇ ಆಗಿಲ್ಲ. ಈಗ ಮನೇಲಿದ್ದಾರೆ. ಬಲಗೈ ಪೂರ್ತಿ ಏಳಲ್ಲವಂತೆ."

ಅವಳು ಗೋಡೆಗೆ ಒರಗಿದಳು. ಪಕ್ಕದ ತರಗತಿಯಲ್ಲಿ ಯಾರೋ ಪದ್ಯ ಹೇಳಿಕೊಡುತ್ತಿದ್ದರು, ಮಕ್ಕಳು ಒಟ್ಟಿಗೆ ಹೇಳುತ್ತಿದ್ದರು.

"ಏನು ಕೆಲಸ ಅವರದು?"

"ಬಡಗಿ ಅಂತ ಬರೆದಿದೆ."

"ನಾನು ಅವರ ಹತ್ತಿರ ಮಾತಾಡಬೇಕು. ನಂಬರು ಕೊಡ್ತೀರಾ?"

"ಕೊಡೋ ಹಾಗಿಲ್ಲ ಮೇಡಂ. ಕೊಡೋ ಹಾಗಿದ್ರೂ ಕೊಡ್ತಿರಲಿಲ್ಲ. ಡಾಕ್ಟರು ಮತ್ತೆ ನಾನು ಸಂಜೆ ಅವರ ಮನೆಗೆ ಹೋಗ್ತಾ ಇದ್ದೀವಿ. ನೀವು ಮಾತಾಡಿದ್ರೆ ಸಮಾಧಾನ ಆಗೋದು ನಿಮಗೆ. ಅವರಿಗೇನು ಆಗುತ್ತೆ?"

"ಇನ್ನೊಬ್ಬರು? ಮೂವತ್ತೊಂದನೆಯವರು?"

"ಫೋನ್ ಎತ್ತುತ್ತಾ ಇಲ್ಲ. ಪ್ರಯತ್ನ ಮಾಡ್ತಾ ಇದ್ದೀವಿ."

ಆ ಮೂವತ್ತೊಂದನೆಯವರು ಅವಳ ಜೊತೆ ಮನೆಗೆ ಬಂದರು, ಊಟಕ್ಕೆ ಕೂತರು, ಮರುದಿನ ಶಾಲೆಗೂ ಬಂದರು. ಮಂಗಳವಾರ ಸಂಜೆಯ ತನಕ ಅವರ ಸುದ್ದಿ ಇರಲಿಲ್ಲ.

ಸಭೆ ಆರು ಗಂಟೆಗೆ. ಗಂಡ ಅಂಗಡಿಯನ್ನು ಬೇಗ ಮುಚ್ಚಿ ಬಂದು, ಕಂಪ್ಯೂಟರಿಗೆ ಕಾಣದ ಹಾಗೆ ಕಿಟಕಿಯ ಹತ್ತಿರ ಕೂತ. ಪರದೆಯ ಮೇಲೆ ಚೌಕ ಚೌಕವಾಗಿ ನಲವತ್ತು ಮುಖ. ನಡುವೆ ಅಜ್ಜ, ಬಿಳಿ ಹುಬ್ಬು, ಕೈಯಲ್ಲಿ ಲೋಟ. ಮುಳ್ಳನ್ನು ಅವಳು ಆವರೆಗೆ ನೋಡಿರಲಿಲ್ಲ. ಚೂಪು ಮೂಗಿನ ಉರಿಮುಖದ ಆಸಾಮಿ ಅಂದುಕೊಂಡಿದ್ದಳು. ಆ ಹೆಸರಿನ ಚೌಕದಲ್ಲಿ ಸ್ವೆಟರ್ ಹಾಕಿಕೊಂಡ, ತಲೆ ಬೋಳಾದ, ಅಂಜುಬುರುಕನ ಹಾಗೆ ಕಾಣುವ ಒಬ್ಬರು ಕೂತಿದ್ದರು. ಮಾತಾಡಿ ಅಂದಾಗ ಅವರ ಬಾಯಿ ಮೊದಲ ಅಕ್ಷರದ ಮೇಲೇ ತಡವರಿಸಿತು. ಒಂದು ವಾಕ್ಯ ಮುಗಿಸಲು ಅವರು ಪಡುವ ಪಾಡು ನೋಡಿದಾಗ, ಅವರು ಯಾವಾಗಲೂ ಒಂದೇ ಸಾಲು ಯಾಕೆ ಬರೆಯುತ್ತಾರೆ ಅನ್ನುವುದು ಅವಳಿಗೆ ತಟ್ಟನೆ ಹೊಳೆಯಿತು.

"ಪ್ರ... ಪ್ರಸ್ತಾಪ ಹಳೆಯದೇ," ಅಂದರು ಅವರು. "ಹೊಸದಾಗಿ ಹೇಳೋದೇನಿಲ್ಲ."

ಅಜ್ಜ ಲೋಟ ಕೆಳಗಿಟ್ಟ. "ಟೀಚರ್, ನಿಮ್ಮ ವಿರೋಧ ಹಾಗೇ ಇದೆಯಾ?"

ಅವಳು ಮೈಕಿನ ಗುಂಡಿ ಒತ್ತಿದಳು. ಬರೆದಿಟ್ಟುಕೊಂಡ ಹಾಳೆ ಮುಂದೆಯೇ ಇತ್ತು, ಅಕ್ಷರ ಕಾಣಲಿಲ್ಲ.

"ನನ್ನ ಮೂರು ಸಾಲು ತಪ್ಪು," ಅಂದಳು. "ಕೊನೆಗೆ ಉಳಿದವರನ್ನ ಅದು ಬಿಟ್ಟುಬಿಡುತ್ತೆ. ಒಂಬತ್ತು ವರ್ಷದಿಂದ ಬಿಡ್ತಾ ಇದೆ. ಒಬ್ಬ ಬಡಗಿಗೆ ಮಾತ್ರೆಯ ಮೆಸೇಜು ಹೋಗಲಿಲ್ಲ, ಅವರ ಬಲಗೈ ಹೋಗಿದೆ. ಇನ್ನೊಬ್ಬರು ಏನಾದರು ಅಂತ ಗೊತ್ತಿಲ್ಲ. ಮೂರು ಸಾಲಿನಲ್ಲಿ ಯಾರು ಬೇಕಾದರೂ ಬರೀಬಹುದು ಅಂತ ನಾನೇ ಎರಡು ಸಲ ಹೇಳಿದ್ದೆ. ನನಗೇ ಬರೆಯೋಕೆ ಬರಲಿಲ್ಲ."

ಒಬ್ಬಳು, ಬ್ಯಾಂಕುಗಳಿಗೆ ಪ್ರೋಗ್ರಾಮು ಬರೆಯುವವಳು, ಮೈಕು ಹಾಕಿಕೊಂಡಳು. "ಟೀಚರ್, ಬೇಜಾರು ಮಾಡ್ಕೋಬೇಡಿ. ಪರೀಕ್ಷೆ ಮಾಡದೆ ನಕಲು ಮಾಡಿದವರದ್ದು ತಪ್ಪು. ಅವರಿವರು ಎಡವಿದ್ರು ಅಂತ ಭಾಷೆಯನ್ನ ಉಬ್ಬಿಸ್ತಾ ಹೋದ್ರೆ ಕೊನೆ ಎಲ್ಲಿ?"

ನಾಲ್ಕು ದಿನದ ಹಿಂದಾಗಿದ್ದರೆ ಆ ಮಾತನ್ನು ಅವಳೇ ಆಡುತ್ತಿದ್ದಳು. "ಹೆದರಬೇಡಿ, ತಗೊಳ್ಳಿ, ಹಾಕ್ಕೊಳ್ಳಿ, ಪ್ರಶ್ನೆ ಕೇಳೋಕೆ ನಾಚ್ಕೋಬೇಡಿ ಅಂತ ನಾವೇ ಕರೆದಿದ್ದೀವಿ," ಅಂದಳು. "ಕರೆದು ಕೊಟ್ಟಮೇಲೆ, ಯಾಕೆ ತಗೊಂಡ್ರಿ ಅಂತ ಕೇಳೋಕೆ ನನಗೆ ಬಾಯಿಲ್ಲ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅಜ್ಜ ಮುಂದಿನವರನ್ನು ಕರೆಯಲು ಬಾಯಿ ತೆರೆದಿದ್ದ. ಅವಳು ಮೈಕು ಆರಿಸಲಿಲ್ಲ.

"ಇನ್ನೊಂದಿದೆ. ಹದಿಮೂರು ಇದ್ದರೆ ಏನು ಮಾಡ್ತೀರಿ ಅಂತ ಆರು ವರ್ಷದ ಹಿಂದೆಯೇ ಇವರು ನನ್ನ ಉತ್ತರದ ಕೆಳಗೆ ಕೇಳಿದ್ರು. ನಾನು ಗೇಲಿ ಮಾಡಿದೆ. ಶನಿವಾರ ತಪ್ಪು ಗೊತ್ತಾದ ಮೇಲೆ ಎರಡನ್ನೂ ಅಳಿಸಿಹಾಕಿದೆ. ಯಾರಿಗೂ ಕಾಣಬಾರದು ಅಂತ."

ಕಿಟಕಿಯ ಹತ್ತಿರ ಗಂಡ ತಲೆ ಎತ್ತಿ ನೋಡಿದ. ಅವನ ಕಡೆ ತಿರುಗಲು ಅವಳಿಗೆ ಧೈರ್ಯವಾಗಲಿಲ್ಲ.

ಸ್ವೆಟರಿನವರು ಮೈಕು ಹಾಕಿಕೊಂಡರು. ಮಾತು ಬರುವ ತನಕ ಎಲ್ಲರೂ ಕಾದರು.

"ನಂಗೆ ಗೊ... ಗೊತ್ತಿತ್ತು. ಅಳಿಸಿದ್ರೆ ಬರೆದವರಿಗೆ ಸೂ... ಸೂಚನೆ ಬರುತ್ತೆ. ಶನಿವಾರವೇ ಬಂತು."

"ಮತ್ತೆ ಯಾಕೆ ಹೇಳಲಿಲ್ಲ?" ಅಂತ ಕೇಳಿದ ಅಜ್ಜ.

"ಅವರು ಹೇಳ್ತಾರೋ ಇಲ್ವೋ ನೋಡೋಣ ಅಂತ." ಅವರು ಸ್ವಲ್ಪ ನಿಂತರು. "ಹೇಳದೇ ಇದ್ದಿದ್ರೆ ಇವತ್ತು ಹೇಳ್ತಿದ್ದೆ. ಆದ್ರೆ ನಂದೂ ಇದೆ. ನಂಗೆ ಆಗಲೇ ತಪ್ಪು ಕಂಡಿತ್ತು. ಬಿ... ಬಿಡಿಸಿ ಬರೀಬಹುದಿತ್ತು. ಒಂದು ಸಾಲು ಚುಚ್ಚಿ, ಅವರು ನಕ್ಕಾಗ ಸಿಟ್ಟು ಬಂದು, ಅನುಭವಿಸಲಿ ಅಂತ ಬಿಟ್ಟೆ. ಅನುಭವಿಸಿದ್ದು ಬೇರೆಯವರು."

ಆಮೇಲೆ ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಬ್ಯಾಂಕಿನವಳು ಕಡೆಯ ತನಕವೂ ಒಪ್ಪಲಿಲ್ಲ. ಮತ ಹಾಕುವ ಹಕ್ಕಿದ್ದವರು ಹದಿನೈದು ಜನ; ಹನ್ನೊಂದಕ್ಕೆ ನಾಲ್ಕು ಮತಗಳಲ್ಲಿ ಪ್ರಸ್ತಾಪ ಗೆದ್ದಿತು. ಮುಂದಿನ ಆವೃತ್ತಿಯಿಂದ ಪಟ್ಟಿ ಒಡೆಯುವ ಕೆಲಸ ಭಾಷೆಯದ್ದೇ. ಅದು ಹೇಗೆ ನಡೆಯುತ್ತದೆ ಎಂದು ಹೊಸಬರಿಗೆ ತಿಳಿಸುವ ಪುಟವನ್ನು ಟೀಚರ್ ಬರೆಯಬೇಕು, ಮುಳ್ಳು ಅದನ್ನು ಪರೀಕ್ಷಿಸಬೇಕು ಅಂದ ಅಜ್ಜ. ಕ್ಷಮೆಯ ಮಾತನ್ನು ಯಾರೂ ಎತ್ತಲಿಲ್ಲ. ಸಭೆ ಮುಗಿದ ಕೂಡಲೇ ವೇದಿಕೆಯಲ್ಲಿ ಬರಹಗಳು ಶುರುವಾದವು. ಕೆಲವರು ಅವಳ ಧೈರ್ಯವನ್ನು ಹೊಗಳಿದರು, ಕೆಲವರು ಇಷ್ಟು ವರ್ಷ ಇವಳನ್ನು ತಲೆ ಮೇಲೆ ಹೊತ್ತಿದ್ದೆವಲ್ಲ ಅಂದರು. ಅವಳು ಹತ್ತು ಓದಿ ಮುಚ್ಚಿಟ್ಟಳು.

"ಅಳಿಸಿದ್ದನ್ನ ನನಗೂ ಹೇಳಲಿಲ್ಲ ನೀನು," ಅಂದ ಗಂಡ.

"ನಾಚಿಕೆ ಆಯ್ತು."

"ಹ್ಞೂಂ," ಅಂದ ಅವನು. ಆಮೇಲೆ ಎದ್ದು ಹೋಗಿ ಇಬ್ಬರಿಗೂ ತಟ್ಟೆ ಹಾಕಿದ.

ಗುರುವಾರ ಚಿಕಿತ್ಸಾಲಯದವನು ಫೋನು ಮಾಡಿದ. ಮೂವತ್ತೊಂದನೆಯಾಕೆ ಮಗಳ ಮನೆಗೆ ಬಾಣಂತನಕ್ಕೆ ಹೋಗಿದ್ದರಂತೆ, ಫೋನು ಮನೆಯಲ್ಲೇ ಬಿಟ್ಟು. ಮಾತ್ರೆ ಒಂದೂ ತಪ್ಪಿಸಿಲ್ಲ. ಊರಿಗೆಲ್ಲ ಫೋನ್ ಮಾಡಿ ನನ್ನ ಕಾಯಿಲೆ ಡಂಗುರ ಹೊಡೆದಿರಲ್ಲ ಅಂತ ಅವನನ್ನೇ ತರಾಟೆಗೆ ತೆಗೆದುಕೊಂಡರಂತೆ. ಟೀಚರ್ ನಕ್ಕಳು. ನಗು ಅರ್ಧಕ್ಕೆ ಅಳುವಾಯಿತು. ಅವನು ಕಾದ.

"ಬಡಗಿಯವರು?" ಎಂದು ಕೇಳಿದಳು ಕೊನೆಗೆ.

"ವ್ಯಾಯಾಮ ಹೇಳಿಕೊಡ್ತಾ ಇದ್ದಾರೆ. ಬೆರಳು ಮಡಚ್ತಾರೆ. ಉಳಿ ಹಿಡಿಯೋದು ಕಷ್ಟ ಅಂತಾರೆ ಡಾಕ್ಟರು." ಅವನು ತಡೆದು ಹೇಳಿದ: "ನಾನು ನಿಮ್ಮ ಉತ್ತರವನ್ನ ಒಂದ್ಸಲ ಹದಿಮೂರಕ್ಕೆ ಓಡಿಸಿ ನೋಡಿದ್ರೆ ಸಾಕಿತ್ತು ಮೇಡಂ. ನಂಗೂ ಸರಿಯಾಗಿ ಊಟ ಸೇರ್ತಾ ಇಲ್ಲ."

ಉಳಿದ ನಾನೂರ ಹನ್ನೊಂದು ಕಡೆಗೆ ಅವಳು ದಿನಾ ಶಾಲೆಯಿಂದ ಬಂದಮೇಲೆ ಇಪ್ಪತ್ತರಂತೆ ಪತ್ರ ಬರೆದಳು. ಕೆಲವರು ತಿದ್ದಿಕೊಂಡರು. ಹೆಚ್ಚಿನವರಿಂದ ಉತ್ತರವೇ ಬರಲಿಲ್ಲ. ಆ ಪ್ರೋಗ್ರಾಮುಗಳು ಎಲ್ಲೋ ಓಡುತ್ತಿವೆಯೋ, ನಿಂತಿವೆಯೋ, ಯಾರನ್ನು ಬಿಡುತ್ತಿವೆಯೋ ತಿಳಿಯುವ ದಾರಿ ಇರಲಿಲ್ಲ.

ಹೊಸ ಪುಟವನ್ನು ಅವಳು ಎರಡು ವಾರ ಬರೆದಳು. ಸೊನ್ನೆ ಹೆಸರಿನ ಪಟ್ಟಿ, ಒಂದೇ ಹೆಸರಿನ ಪಟ್ಟಿ, ಗುಂಪಿಗಿಂತ ಚಿಕ್ಕ ಪಟ್ಟಿ, ಎಲ್ಲ ಹಾಕಿದಳು. ಇನ್ನೇನಿದೆ, ಇನ್ನೇನು ಬಿಟ್ಟೆ ಅಂತ ಪ್ರತಿ ಸಾಲಿಗೂ ಕೈ ನಿಲ್ಲುತ್ತಿತ್ತು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಮೂರು ದಿನ ತೆಗೆದಳು. ನಾಲ್ಕನೇ ದಿನ ಒತ್ತಿದಳು.

ಮರುದಿನ ಮಧ್ಯಾಹ್ನ ಮುಳ್ಳಿನ ಉತ್ತರ ಬಂತು. ಈ ಸಲ ಒಂದು ಸಾಲಲ್ಲ, ನಾಲ್ಕು ಪುಟ. ಹನ್ನೊಂದು ತಪ್ಪು ಹಿಡಿದಿದ್ದರು. ಪ್ರತಿಯೊಂದಕ್ಕೂ ಯಾಕೆ ತಪ್ಪು, ಹೇಗಿದ್ದರೆ ಸರಿ, ಎಲ್ಲ ಮಗುವಿಗೆ ಹೇಳುವ ಹಾಗೆ ಬಿಡಿಸಿ ಬರೆದಿದ್ದರು. ಅವಳು ಕುರ್ಚಿ ಎಳೆದುಕೊಂಡು, ಮೊದಲನೆಯದರಿಂದ ತಿದ್ದಲು ಕೂತಳು.